ಪೆಟ್ಟಿಗೆಗಿಂತ ಮೊದಲು ಹಾಡು ಕೇಳು

ಪ್ರೀತಿಯ ಪುಟ್ಟಿಗೆ,

ತುರ್ಕಿಯ ಮದುವೆ ಹಾಡುಗಳ ಮೇಲೆ ಪ್ರಬಂಧ ಬರೆಯಲು ಅಲ್ಲಿಗೇ ಹೊರಟಿದ್ದೀಯಂತೆ. ತುಂಬಾ ಖುಷಿಯಾಯಿತು. ನಿನ್ನ ಕರಡು ಓದಿದೆ. ಅಲ್ಲಿಯ ‘ಚೆಯಿಝ್’ ಪೆಟ್ಟಿಗೆಯನ್ನೂ, ಅಂದರೆ ಮದುಮಗಳು ಗಂಡನ ಮನೆಗೆ ಒಯ್ಯಲೆಂದು ಕೂಡಿಡುವ ಸಾಮಾನಿನ ಪೆಟ್ಟಿಗೆಯನ್ನೂ, ನಮ್ಮ ವರದಕ್ಷಿಣೆಯನ್ನೂ ಒಂದೇ ತಕ್ಕಡಿಗೆ ಹಾಕಿದ್ದೀಯ. ಅವಸರ ಬೇಡ ಕಣೇ.

ಆ ಪೆಟ್ಟಿಗೆಯಲ್ಲಿ ಜಾಸ್ತಿ ಇರುವುದು ಹೆಣ್ಣುಮಕ್ಕಳ ಕೈಕೆಲಸ. ‘ಮಗಳು ತೊಟ್ಟಿಲಲ್ಲಿ, ಚೆಯಿಝ್ ಪೆಟ್ಟಿಗೆಯಲ್ಲಿ’ ಅಂತ ಅಲ್ಲಿ ಗಾದೆಯೇ ಇದೆ. ಮಗಳಿನ್ನೂ ಕೂಸಾಗಿರುವಾಗಲೇ ತಾಯಿ ಒಂದೊಂದಾಗಿ ಎತ್ತಿಡುತ್ತಾಳೆ. ಮಗಳು ದೊಡ್ಡವಳಾದಂತೆ ತಾನೂ ಸೂಜಿ ಹಿಡಿಯುತ್ತಾಳೆ. ತಲೆವಸ್ತ್ರದ ಅಂಚಿಗೆ ಸೂಜಿಯಲ್ಲೇ ಗಂಟಿನ ಮೇಲೆ ಗಂಟು ಹಾಕಿ ಪುಟ್ಟ ಪುಟ್ಟ ಹೂವು, ಕಾಯಿ ಎಬ್ಬಿಸುತ್ತಾರೆ. ಅದಕ್ಕೆ ‘ಓಯಾ’ ಅನ್ನುತ್ತಾರೆ. ಕೆಂಪು ಮೆಣಸಿನಕಾಯಿಯ ಓಯಾ ಇರುವ ವಸ್ತ್ರವನ್ನು ಸೊಸೆ ಕಟ್ಟಿಕೊಂಡಳು ಅಂದರೆ ಗಂಡನ ಮೇಲೆ ಮುನಿಸು ಅಂತ ಮನೆಯವರಿಗೆ ಗೊತ್ತಾಗುತ್ತಿತ್ತು. ಬಾಯಿಬಿಟ್ಟು ಹೇಳಲಾಗದ್ದನ್ನು ಹೇಳುವುದು, ಹಾಡುಗಳೂ ಮಾಡಿದ್ದು ಇದೇ ಕೆಲಸ ಅಲ್ವಾ?

ಹಾಗಂತ ಬರೀ ಚೆಂದ ಮಾಡಿ ಬರೆಯಬೇಡ. ಗಂಡಿನ ಕಡೆಯವರು ಹೆಣ್ಣಿನ ಅಪ್ಪನಿಗೆ ಕೊಡುವ ‘ಬಾಶ್ಲಿಕ್’ ಹಣ ಅಂತ ಒಂದಿತ್ತು. ಅದನ್ನು ಹೊಂದಿಸಲಾಗದ ಬಡ ಹುಡುಗನಿಗೆ ಹುಡುಗಿ ಸಿಗುತ್ತಿರಲಿಲ್ಲ. ಅದನ್ನೂ ಬರಿ.

ಮದರಂಗಿ ರಾತ್ರಿಯ ಹಾಡು ಮಾತ್ರ ನಿಧಾನವಾಗಿ ಕೇಳು. ಮದುಮಗಳ ಮುಖದ ಮೇಲೆ ಕೆಂಪು ಮುಸುಕು. ಉರಿಯುವ ಮೇಣದಬತ್ತಿ ಹಿಡಿದು ಗೆಳತಿಯರು ಅವಳ ಸುತ್ತ ತಿರುಗುತ್ತಾ, ಅವಳಿಗೆ ಅಳು ಬರುವ ತನಕ ಹಾಡುತ್ತಾರೆ. ಅತ್ತೆ ಅಂಗೈಗೆ ಚಿನ್ನದ ನಾಣ್ಯ ಇಡುವವರೆಗೂ ಹುಡುಗಿ ಮುಷ್ಟಿ ಬಿಚ್ಚುವುದಿಲ್ಲ. ಆ ರಾತ್ರಿ ಹಾಡುವ ಬಹಳ ಹೆಸರಾದ ಹಾಡೊಂದರಲ್ಲಿ ಪೆಟ್ಟಿಗೆಯ ಮಾತೇ ಇಲ್ಲ. ಅದರಲ್ಲಿ ಮದುವೆಯಾಗಿ ಹೋದ ಹುಡುಗಿ ದೂರದೂರಿಗೆ ಹೆಣ್ಣು ಕೊಡಬೇಡಿ ಅನ್ನುತ್ತಾಳೆ. ಅಮ್ಮ, ಅಪ್ಪ, ಹಳ್ಳಿ ಎಲ್ಲ ನೆನಪಾಗುತ್ತಿದೆ ಅಂತ ಹಾರುವ ಹಕ್ಕಿಗಳ ಹತ್ತಿರ ಹೇಳಿ ಕಳಿಸುತ್ತಾಳೆ. ನಮ್ಮ ಹೆಣ್ಣೊಪ್ಪಿಸುವ ಹಾಡು ಕೇಳಿ ಬೆಳೆದವಳು ನೀನು, ನಿನಗೆ ಇದು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು. 1936ರಲ್ಲಿ ಹಂಗೇರಿಯ ಸಂಗೀತಗಾರ ಬೇಲಾ ಬಾರ್ಟೋಕ್ ತುರ್ಕಿಯ ದಕ್ಷಿಣದ ಅದಾನಾ ಕಡೆ ಹಾಡು ಸಂಗ್ರಹಿಸಲು ಹೋಗಿದ್ದ. ಪರಗಂಡಸಿನ ಮುಂದೆ ಹಾಡಲು ಹೆಂಗಸರು ಒಪ್ಪುತ್ತಿರಲಿಲ್ಲ. ನಿನಗೆ ಆ ಅಡ್ಡಿ ಇಲ್ಲ. ಸುಮ್ನೆ ಗ್ರಂಥಾಲಯದಲ್ಲೇ ಕೂರಬೇಡ. ಓಯಾ ಹಾಕುವ ಅಜ್ಜಿಯರ ಹತ್ತಿರ ಹೋಗಿ ಕೂತು ಸೂಜಿ ಹಿಡಿಯಲು ಕಲಿಸಿ ಅಂತ ಕೇಳು. ರೆಕಾರ್ಡರ್ ಆಮೇಲೆ ತೆಗಿ, ಅದೂ ಅವರನ್ನು ಕೇಳಿಯೇ.

ಇಂತಿ,
ನಿನ್ನ ದೊಡ್ಡಮ್ಮ