ನಿಟ್ಟುವಳ್ಳಿಯ ಇಸ್ತ್ರಿ ಅಣ್ಣನಿಗೆ ಥ್ಯಾಂಕ್ಸ್

ಬಟ್ಟೆ ಅಂಗಡಿ ಸಂಬಳದಲ್ಲಿ ದಾವಣಗೆರೆಯಲ್ಲಿ ಬಾಡಿಗೆ ಮನೆ ಸಿಗೋದು ಸುಲಭ ಅಲ್ಲ. ವಿದ್ಯಾನಗರದ ಕಡೆ ರೇಟ್ ಕೇಳಿಯೇ ವಾಪಸ್ ಬಂದೆ. ಬಾಡಿಗೆ ಹೇಗೋ ಹೊಂದಿಸಬಹುದು ಅನ್ನಿಸಿದ ಕಡೆಯೂ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ, ಅಷ್ಟು ದುಡ್ಡು ಒಂದೇ ಸಲ ಎಲ್ಲಿಂದ ತರೋದು? ನಿಟ್ಟುವಳ್ಳಿಯಲ್ಲಿ ಅಲೆಯುವಾಗ ಬಿಸಿಲಿಗೆ ಅಮ್ಮನಿಗೆ ತಲೆ ಸುತ್ತಿತು. ಒಂದು ಇಸ್ತ್ರಿ ಅಂಗಡಿ ಮುಂದೆ ಕೂರಿಸಿದೆ.

ಅಲ್ಲಿದ್ದ ಅಣ್ಣ ಮೊದಲು ನೀರು ಕೊಟ್ಟರು. ವಿಷಯ ಕೇಳಿ, ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಅಂಗಡಿ ಮಗನಿಗೆ ಬಿಟ್ಟು, "ಬಾ ತಮ್ಮಾ, ಬೋರ್ಡ್ ಹಾಕದ ಮನೆ ಒಂದಿದೆ" ಅಂತ ಹಿಂದಿನ ಬೀದಿಗೆ ಕರೆದುಕೊಂಡು ಹೋದರು. ಶೀಟಿನ ಮನೆ, ಒಂದು ರೂಮು, ಅಡುಗೆಮನೆ. ನಾನು ಸುಮ್ನೆ ಗೋಡೆ ನೋಡುತ್ತಾ ನಿಂತಿದ್ದರೆ ಅವರು ನಲ್ಲಿ ತಿರುಗಿಸಿದರು, ಕರೆಂಟ್ ಮೀಟರ್ ಬೇರೆ ಇದೆಯಾ ಕೇಳಿದರು, ನೀರು ಸರಿಯಾಗಿ ಹೋಗುತ್ತಾ ಅಂತ ಬಚ್ಚಲಿಗೆ ಒಂದು ಚೊಂಬು ಸುರಿದೇ ಬಿಟ್ಟರು! ಬಾಡಿಗೆ 3,500. ಓನರ್ ಅಜ್ಜಿಯೂ ಹತ್ತು ತಿಂಗಳು ಅಂದಾಗ, "ಅಜ್ಜೀ, ದುಡಿಯೋ ಹುಡುಗ, ನಾಲ್ಕಕ್ಕೆ ಮುಗಿಸ್ರಿ" ಅಂದರು. ಅಜ್ಜಿ ಒಪ್ಪಿದರು, ಅಮ್ಮ ಅಲ್ಲೇ ಕಟ್ಟೆ ಮೇಲೆ ಕೂತು ಕಣ್ಣೊರೆಸಿಕೊಂಡಳು.

ಕಮಿಷನ್ ಕೊಡಲು ಹೋದರೆ ಜೇಬು ಮುಚ್ಚಿಕೊಂಡು ನಕ್ಕರು. ಅಣ್ಣಾ, ಸೋಮವಾರ ಹಾಲು ಉಕ್ಕಿಸುತ್ತೇವೆ, ಮಗನನ್ನೂ ಕರೆದುಕೊಂಡು ಬರಲೇಬೇಕು.