ಅಪ್ಪನ ಶುಗರ್ ಇಳಿದರೆ ಸಕ್ಕರೆಯಲ್ಲ, ಗ್ಲೂಕೋಸ್

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಪ್ಪನ ಮಾತ್ರೆ ಚೀಟಿಯ ಫೋಟೋ ನೋಡಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆ ಅದು. ಇದರಲ್ಲಿ ಶುಗರ್ ಅತಿಯಾಗಿ ಇಳಿಸುವುದು ಗ್ಲಿಮೆಪಿರೈಡ್. ಅಪ್ಪ ಉಂಡರೂ ಉಣ್ಣದಿದ್ದರೂ ಅದು ಮೇದೋಜೀರಕದಿಂದ ಶುಗರ್ ಇಳಿಸುವ ಇನ್ಸುಲಿನ್ ಬಿಡಿಸುತ್ತಲೇ ಇರುತ್ತದೆ. ಏಕಾದಶಿ ಉಪವಾಸ, ಹೊತ್ತು ಮೀರಿದ ಮದುವೆ ಊಟ, ವಾಂತಿ ಭೇದಿ, ಇವೆಲ್ಲ ಅಪಾಯದ ದಿನಗಳು. ಅಂಥ ದಿನ ಮಾತ್ರೆ ಎಷ್ಟು, ಬೇಕೋ ಬೇಡವೋ ಎಂದು ಡಾಕ್ಟರನ್ನು ಮೊದಲೇ ಕೇಳಿಟ್ಟುಕೋ.

ಬೆವರು, ಕೈ ನಡುಕ, ಎದೆ ಡವಡವ, ತಡೆಯಲಾಗದ ಹಸಿವು ಕಂಡರೆ ಗ್ಲುಕೋಮೀಟರಿನಲ್ಲಿ ನೋಡು. 70ಕ್ಕಿಂತ ಕೆಳಗಿದ್ದರೆ ಲೋ ಶುಗರ್. 54ರ ಕೆಳಗೆ ಹೋದರೆ ಮಿದುಳಿಗೇ ಗ್ಲೂಕೋಸ್ ಸಾಲದೆ ಮಾತು ತೊದಲಬಹುದು, ಕಾರಣವಿಲ್ಲದೆ ರೇಗಬಹುದು. ಅಪ್ಪ ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾನಲ್ಲ, ಅದು ನಡುಕ, ಎದೆಬಡಿತ ಎರಡನ್ನೂ ಮರೆಮಾಡುತ್ತದೆ. ಬೆವರು ಮಾತ್ರ ಮರೆಯಾಗುವುದಿಲ್ಲ. ಸೆಖೆಯಿಲ್ಲದೆ ಬೆವರಿದರೆ ಶುಗರ್ ಇಳಿದಿರಬಹುದೆಂದು ತಕ್ಷಣ ನೋಡು. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರಬೇಡ, ಮೊದಲು ಗ್ಲೂಕೋಸ್ ಕೊಡು.

ಎಲ್ಲರೂ ತಪ್ಪುವುದು ಇಲ್ಲೇ. ನಾವು ಕಾಫಿಗೆ ಹಾಕುವ ಸಕ್ಕರೆ ಕರುಳಿನಲ್ಲಿ ಒಡೆದ ಮೇಲಷ್ಟೇ ರಕ್ತ ಸೇರುತ್ತದೆ. ವೋಗ್ಲಿಬೋಸ್ ತಡೆಯುವುದು ಆ ಒಡೆಯುವಿಕೆಯನ್ನೇ. ಆದ್ದರಿಂದ ಅಪ್ಪನಿಗೆ ಸಕ್ಕರೆ, ಬೆಲ್ಲ ಕೊಟ್ಟರೆ ಬೇಗ ಏರುವುದಿಲ್ಲ. ಮೆಡಿಕಲ್ ಶಾಪಿನ ಗ್ಲೂಕೋಸ್ ಪುಡಿಯೇ ಬೇಕು: 15 ಗ್ರಾಂ, ಅಂದರೆ ತುಂಬಿದ ಮೂರು ಟೀ ಚಮಚ, ಅರ್ಧ ಲೋಟ ನೀರಿನಲ್ಲಿ. ಚಾಕೊಲೇಟ್, ಬಿಸ್ಕತ್ತು ಬೇಡ; ಅದರಲ್ಲಿರುವ ಕೊಬ್ಬು ಇನ್ನೂ ತಡಮಾಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡು. ಏರದಿದ್ದರೆ ಅಷ್ಟೇ ಇನ್ನೊಮ್ಮೆ ಕೊಡು. ಗಾಬರಿಯಲ್ಲಿ ಡಬ್ಬ ಖಾಲಿ ಮಾಡಿದರೆ ಆಮೇಲೆ ಶುಗರ್ ವಿಪರೀತ ಏರುತ್ತದೆ. 70 ದಾಟಿದ ಮೇಲೆ ಎರಡು ಇಡ್ಲಿಯೋ ಚಪಾತಿಯೋ ತಿನ್ನಿಸು.

ಚೇತರಿಸಿಕೊಂಡನೆಂದು ನಿಶ್ಚಿಂತೆಯಾಗಿ ಮಲಗಿಬಿಡಬೇಡಮ್ಮ. ಗ್ಲಿಮೆಪಿರೈಡ್ ದಿನವಿಡೀ ಕೆಲಸ ಮಾಡುತ್ತದೆ, ಅದೇ ರಾತ್ರಿ ಮತ್ತೆ ಇಳಿಯಬಹುದು. ಮಲಗುವ ಮುಂಚೆ, ನಡುರಾತ್ರಿ, ಬೆಳಗ್ಗೆ ಪರೀಕ್ಷಿಸು. ಮುಂದಿನ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡು.

ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕಕೂಡದು, ಯಾರು ಎಷ್ಟೇ ಹೇಳಲಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡು, ಶುಗರ್ ಪೇಷೆಂಟ್ ಎಂದು ಮೊದಲೇ ಹೇಳು. ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸನ್ನು, ಅಂದರೆ ಗ್ಲೂಕೋಸನ್ನೇ, ನೇರ ರಕ್ತನಾಳಕ್ಕೆ ಕೊಡುತ್ತಾರೆ.

ಗ್ಲೂಕೋಸ್ ಪೊಟ್ಟಣ ಹಾಸಿಗೆ ಪಕ್ಕ ಒಂದು, ಅವನ ಅಂಗಿ ಜೇಬಿನಲ್ಲಿ ಒಂದು ಇರಲಿ. ಕಿಡ್ನಿ ಸೊರಗಿದ್ದರೆ ಈ ಮಾತ್ರೆಯ ಪ್ರಭಾವ ಇನ್ನೂ ಹೊತ್ತು ಉಳಿಯುತ್ತದೆ, ಹಾಗಾಗಿ ಈ ವಾರವೇ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ ರಿಪೋರ್ಟ್ ಡಾಕ್ಟರಿಗೆ ತೋರಿಸು.

ಇತಿ,
ನಿನ್ನ ದೊಡ್ಡಪ್ಪ