ಅಪ್ಪನ ಪಂಚೆ ಹೊಳೆಗೆ ಬೇಡ

ಮಾನ್ಯರೇ,

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವವರು ತೀರಿಕೊಂಡವರ ಬಟ್ಟೆಯನ್ನೂ ಕಾವೇರಿಗೇ ಎಸೆದು ಹೋಗುತ್ತಿದ್ದಾರೆ. ಕಳೆದ ತಿಂಗಳು ಅಪ್ಪನ ಅಸ್ಥಿ ಬಿಡಲು ನೀರಿಗಿಳಿದಾಗ ನನ್ನ ಕಾಲಿಗೆ ಸುತ್ತಿಕೊಂಡದ್ದು ಯಾರದೋ ಸೀರೆ. ಬದುಕಿಡೀ ಕಬ್ಬು, ಭತ್ತ ಬೆಳೆದ ಅಪ್ಪ, ಮೊಮ್ಮಕ್ಕಳು ನಾಲೆಗೆ ಉಗುಳಿದರೂ ಗದರುತ್ತಿದ್ದರು. 'ತಾತನ ಪಂಚೆನೂ ಇಲ್ಲೇ ಬಿಡ್ತೀವಾ?' ಎಂದಳು ಮಗಳು. ಬಿಡಲಿಲ್ಲ, ಮನೆಗೆ ತಂದೆವು. ಈಗಿನ ಬಟ್ಟೆಗಳಲ್ಲಿ ಪಾಲಿಯೆಸ್ಟರ್ ಜಾಸ್ತಿ, ಅದು ಬೇಗ ಕೊಳೆಯುವುದೂ ಇಲ್ಲ. ಕುಡಿಯುವುದೂ ಇದೇ ನೀರು ಅಲ್ವಾ? 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮ ಬಿಟ್ಟ ಜಾಗವೂ ಇದೇ. ಮೆಟ್ಟಿಲ ಬಳಿ ಬಟ್ಟೆ ಹಾಕಲು ದೊಡ್ಡ ತೊಟ್ಟಿ ಇಡಲಿ. ಕ್ರಿಯೆ ಮಾಡಿಸುವ ಪುರೋಹಿತರೂ ಬಂದವರಿಗೆ ಒಂದು ಮಾತು ಹೇಳಲಿ.

– ಒಬ್ಬ ಓದುಗ, ಮಂಡ್ಯ